ಗೆಜ್ಜೆ ಕಟ್ಟಿದ ಮಕ್ಕಳು ಏನು ಕಲಿಯುತ್ತಾರೆ?



ಉಳಿತಾಯ, ಸಾಲ, ಮರುಪಾವತಿ, ಲೆಕ್ಕಪುಸ್ತಕ ಇವುಗಳ ಬಗ್ಗೆ ಹಿಂದಿನ ಪಾಠಗಳಲ್ಲಿ ಸಾಕಷ್ಟು ಮಾತಾಡಿದ್ದೇವೆ. ಈ ಸಲ ಮಕ್ಕಳ ವಿಷಯ ತೆಗೆದುಕೊಳ್ಳೋಣ. ಕಾರಣ ಇಷ್ಟೇ, ಎರಡು ಮೂರು ಊರಿನ ಸಂಘಗಳಲ್ಲಿ ಒಂದೇ ಪ್ರಶ್ನೆ ಬಂತು. ಶಾಲೆಯಲ್ಲಿ ಯಕ್ಷಗಾನ ತರಗತಿ ಶುರುವಾಗಿದೆ, ಮಗಳು ಹೋಗ್ತೇನೆ ಅಂತ ಹಠ ಮಾಡ್ತಾಳೆ, ಕಳಿಸಬೇಕಾ ಬೇಡ್ವಾ? ಒಬ್ಬ ತಾಯಿ ನೇರವಾಗಿಯೇ ಕೇಳಿದರು, "ಕುಣಿದರೆ ಎಂತ ಸಿಗ್ತದೆ ಸಿಸ್ಟರ್? ಆ ಹೊತ್ತಿಗೆ ನಾಲ್ಕು ಲೆಕ್ಕ ಮಾಡಿದ್ರೆ ಪರೀಕ್ಷೆಗಾದ್ರೂ ಆಗ್ತದೆ."

ಬೀಡಿ ಕಟ್ಟಿ, ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿದು ಮಕ್ಕಳನ್ನು ಓದಿಸುವ ತಾಯಿ ಕೇಳುವ ಪ್ರಶ್ನೆ ಇದು. ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. "ಕಲೆ ಒಳ್ಳೆಯದು, ಕಳಿಸಿ" ಎಂದು ಒಂದು ಮಾತಿನಲ್ಲಿ ಉತ್ತರ ಹೇಳಿ ಎದ್ದು ಹೋಗುವುದು ಸುಲಭ. ಆದರೆ ಮಗುವಿಗೆ ನಿಜವಾಗಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ತಾಯಂದಿರು ಯಾವುದನ್ನು ನೋಡಿಕೊಳ್ಳಬೇಕು ಎಂಬುದು ಗೊತ್ತಿದ್ದರೆ ನಿರ್ಧಾರ ನಿಮ್ಮದೇ ಆಗುತ್ತದೆ.

ಹಾಡಿನ ನಾಟಕ ನಮಗೆ ಹೊಸದಲ್ಲ

ಹಾಡು, ಕುಣಿತ, ಮಾತು, ವೇಷ ನಾಲ್ಕೂ ಕೂಡಿದ ನಾಟಕವನ್ನು ಹೊರದೇಶಗಳಲ್ಲಿ ದೊಡ್ಡ ಹಣ ಕೊಟ್ಟು ಮಕ್ಕಳಿಗೆ ಕಲಿಸುತ್ತಾರೆ. ನಮ್ಮ ಕರಾವಳಿ, ಮಲೆನಾಡಿನಲ್ಲಿ ಅದು ಮನೆ ಬಾಗಿಲಿಗೇ ಬರುತ್ತಿತ್ತು. ಭಾಗವತರು ಪದ ಹೇಳುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ, ವೇಷಧಾರಿ ಕುಣಿಯುತ್ತಾನೆ, ಆಮೇಲೆ ಅದೇ ಪದದ ಅರ್ಥವನ್ನು ಮಾತಿನಲ್ಲಿ ಹೇಳುತ್ತಾನೆ. ಬಯಲುಸೀಮೆಯ ಕಡೆ ಕಂಪನಿ ನಾಟಕಗಳಿದ್ದವು. ಅಲ್ಲಿಯೂ ಹಾಡು ಬಾರದವನು ನಟನೇ ಅಲ್ಲ.

ಆಗಿನ ಕಾಲದಲ್ಲಿ ಕಲಿಯಬೇಕಾದರೆ ಮಗು ಮನೆ ಬಿಟ್ಟು ಮೇಳಕ್ಕೋ ಕಂಪನಿಗೋ ಸೇರಬೇಕಿತ್ತು. ಬಂಟ್ವಾಳ ತಾಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ಡಾ. ರಾಜಕುಮಾರ್ ಕೂಡ ಅದೇ ಕಂಪನಿಯಲ್ಲಿ ತಂದೆಯ ಜತೆ ಬೆಳೆದವರು. ಶಾಲೆ ಹೆಚ್ಚು ಕಾಣದಿದ್ದರೂ ಅಷ್ಟು ಸ್ಪಷ್ಟ ಕನ್ನಡ, ಅಷ್ಟು ಒಳ್ಳೆಯ ಹಾಡುಗಾರಿಕೆ ಅವರಿಗೆ ಬಂದದ್ದು ಆ ರಂಗದ ತರಬೇತಿಯಿಂದ. ಆದರೆ ಒಬ್ಬ ರಾಜಕುಮಾರ್ ಆದದ್ದನ್ನು ನಾವು ನೆನಪಿಟ್ಟುಕೊಳ್ಳುತ್ತೇವೆ. ಶಾಲೆ ಬಿಟ್ಟು ಕಂಪನಿ ಸೇರಿ ಹಸಿವಿನಲ್ಲೇ ಮುದುಕರಾದವರ ಲೆಕ್ಕ ಯಾರೂ ಇಟ್ಟಿಲ್ಲ. ಆದ್ದರಿಂದ ಆ ಕಾಲಕ್ಕೆ ಹಿಂದೆ ಹೋಗಬೇಕೆಂದು ನಾನು ಹೇಳುವುದಿಲ್ಲ.

ಈಗ ಮಗು ಶಾಲೆಯಲ್ಲಿ ಇದ್ದುಕೊಂಡೇ ಕಲಿಯಬಹುದು. ಉಡುಪಿಯಲ್ಲಿ 1971ರಲ್ಲಿ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಡಾ. ಶಿವರಾಮ ಕಾರಂತರು ಅದಕ್ಕೆ ಮಾರ್ಗದರ್ಶಕರಾಗಿದ್ದರು. ಅದೇ ದಶಕದಲ್ಲಿ ಸಾಲಿಗ್ರಾಮದಲ್ಲಿ ಮಕ್ಕಳದ್ದೇ ಒಂದು ಮೇಳ ಹುಟ್ಟಿತು. ಇತ್ತೀಚಿನ ವರ್ಷಗಳಲ್ಲಿ ಉಡುಪಿ, ದಕ್ಷಿಣ ಕನ್ನಡದ ಅನೇಕ ಹೈಸ್ಕೂಲುಗಳಿಗೆ ಗುರುಗಳೇ ಬಂದು ಉಚಿತವಾಗಿ ಕಲಿಸುತ್ತಾರೆ. ಗಡಿಯಾಚೆ ಕೇರಳದ ಶಾಲಾ ಕಲೋತ್ಸವದಲ್ಲಿಯೂ ಯಕ್ಷಗಾನ ಒಂದು ಸ್ಪರ್ಧೆ. ಮೈಸೂರಿನ ರಂಗಾಯಣದಲ್ಲಿ ಬೇಸಿಗೆ ರಜೆಗೆ ಚಿಣ್ಣರ ಮೇಳ ನಡೆಯುತ್ತದೆ. ಬೆಂಗಳೂರಿನಲ್ಲಿ ಪ್ರೇಮಾ ಕಾರಂತರು ಬೆನಕ ಮಕ್ಕಳ ಕೇಂದ್ರ ಕಟ್ಟಿ ನೂರಾರು ಮಕ್ಕಳಿಗೆ ನಾಟಕ ಕಲಿಸಿದರು. ಅವರೂ ಮೊದಲು ಶಾಲಾ ಶಿಕ್ಷಕಿಯೇ ಆಗಿದ್ದವರು.

ತರಗತಿಯಲ್ಲಿ ನಡೆಯುವುದೇನು?

ವೇದಿಕೆಯ ಮೇಲಿನ ಬಣ್ಣ, ಕಿರೀಟ ನೋಡಿ ನಾವು "ಚೆಂದ ಕಾಣ್ತದೆ" ಎಂದು ಬರುತ್ತೇವೆ. ಕಲಿಕೆ ನಡೆಯುವುದು ವೇದಿಕೆಯಲ್ಲಿ ಅಲ್ಲ. ಸಾಧ್ಯವಾದರೆ ಒಮ್ಮೆ ಅಭ್ಯಾಸದ ಹೊತ್ತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ.

ಮೊದಲು ಕೈಯಲ್ಲಿ ತಾಳ. ಏಕತಾಳಕ್ಕೆ ನಾಲ್ಕು ಎಣಿಕೆ, ರೂಪಕಕ್ಕೆ ಆರು, ತ್ರಿವುಡೆಗೆ ಏಳು. ಕೈ ತಾಳ ಹಾಕುತ್ತಿರುವಾಗ ಬಾಯಿ ಬಾಯಿತಾಳ ಹೇಳಬೇಕು, ಕಾಲು ಹೆಜ್ಜೆ ಇಡಬೇಕು, ಕಿವಿ ಭಾಗವತರ ಕಡೆ ಇರಬೇಕು. ನಾಲ್ಕೂ ಒಟ್ಟಿಗೆ. ಮೊದಲ ವಾರ ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತಾರೆ, ನಗುತ್ತಾರೆ. ತಿಂಗಳು ಕಳೆದಾಗ ಇಪ್ಪತ್ತು ಜೋಡಿ ಕಾಲು ಒಟ್ಟಿಗೆ ನೆಲಕ್ಕೆ ಬೀಳುವ ಶಬ್ದ ಕೇಳಬೇಕು! ಒಂದು ನಿಮಿಷ ಪುಸ್ತಕದ ಮುಂದೆ ಕೂರದ ಹುಡುಗ ಒಂದು ಗಂಟೆ ಅಲ್ಲಿ ನಿಂತಿರುತ್ತಾನೆ. ಗಮನ ಇಡು, ಗಮನ ಇಡು ಎಂದು ನಾವು ನೂರು ಸಲ ಬೈದರೂ ಬಾರದ್ದು ಅಲ್ಲಿ ಬರುತ್ತದೆ. ಏಕೆಂದರೆ ಗಮನ ತಪ್ಪಿದರೆ ಹೆಜ್ಜೆ ತಪ್ಪುತ್ತದೆ, ಅದು ಆ ಕ್ಷಣವೇ ಅವನಿಗೆ ಗೊತ್ತಾಗುತ್ತದೆ. ಯಾರೂ ಬೈಯಬೇಕಾಗಿಲ್ಲ.

ಆಮೇಲೆ ಉಸಿರು. ಕುಣಿದು ನಿಂತ ತಕ್ಷಣ ಮಾತಾಡಬೇಕು, ಏದುಸಿರು ಬಿಡುವಂತಿಲ್ಲ. ಹೊಟ್ಟೆಯಿಂದ ಉಸಿರು ತೆಗೆದು, ಗಂಟಲು ಹರಿಯದೆ, ಹಿಂದೆ ಕುಳಿತ ಅಜ್ಜಿಗೂ ಕೇಳುವಂತೆ ಹೇಳಲು ಕಲಿಯುತ್ತಾರೆ. ಇದು ಜೀವನವಿಡೀ ಉಪಯೋಗಕ್ಕೆ ಬರುವ ವಿದ್ಯೆ. ಒಂದು ಎಚ್ಚರಿಕೆ ಇದೆ. ಸುಮಾರು 12ರಿಂದ 15 ವರ್ಷದ ಹುಡುಗರಿಗೆ ಧ್ವನಿ ಒಡೆಯುತ್ತದೆ. ಆಗ ಎತ್ತರದ ಶ್ರುತಿಯಲ್ಲಿ ಬಲವಂತವಾಗಿ ಹಾಡಿಸಬಾರದು. ಗಂಟಲು ನೋವು, ಸ್ವರ ಕಟ್ಟುವುದು ಇದ್ದರೆ ವಿಶ್ರಾಂತಿ ಕೊಡಬೇಕು.

ಮೂರನೆಯದು ಮಾತು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಯಕ್ಷಗಾನದಲ್ಲಿ ಮೊದಮೊದಲು ಗುರುಗಳು ಬರೆದುಕೊಟ್ಟ ಅರ್ಥವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪದಕ್ಕೆ ರಾಗ, ತಾಳ ಇರುವುದರಿಂದ ನೆನಪು ಬೇಗ ಕೂರುತ್ತದೆ. ಪಾಠದ ಪದ್ಯ ಮರೆತವಳಿಗೆ ಪ್ರಸಂಗದ ಪದ ಮರೆಯುವುದಿಲ್ಲ. ಸ್ವಲ್ಪ ಅನುಭವ ಬಂದ ಮೇಲೆ ಅರ್ಥವನ್ನು ಸ್ವಂತ ಮಾತಿನಲ್ಲಿ ಹೇಳಬೇಕು, ಎದುರಿನ ಪಾತ್ರ ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬೇಕು. ನಮ್ಮ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವವರೇ ಹೆಚ್ಚು. ಕನ್ನಡ ಶಾಲೆಯ ಭಾಷೆ. ಮಧ್ಯೆ ಇಂಗ್ಲಿಷ್ ಸೇರಿಸದೆ ಐದು ನಿಮಿಷ ಶುದ್ಧ ಕನ್ನಡದಲ್ಲಿ ವಾದ ಮಾಡುವುದು ದೊಡ್ಡವರಿಗೇ ಕಷ್ಟ. ಏಳನೇ ಕ್ಲಾಸಿನ ಮಕ್ಕಳು ಮಾಡುವುದನ್ನು ನಾನು ಕಂಡಿದ್ದೇನೆ.

ನಿಮ್ಮ ಮೊದಲ ಸಭೆಯನ್ನು ನೆನಪು ಮಾಡಿಕೊಳ್ಳಿ. ಹೆಸರು ಹೇಳಿ ಎಂದರೆ ಸೆರಗು ಬಾಯಿಗೆ ಹಿಡಿದು ಪಕ್ಕದವರನ್ನು ನೋಡಿದವರು ಎಷ್ಟು ಮಂದಿ! ಇಂದು ಅದೇ ನೀವು ಬ್ಯಾಂಕ್ ಮ್ಯಾನೇಜರರ ಎದುರು ಕುಳಿತು ಬಡ್ಡಿದರದ ಬಗ್ಗೆ ಮಾತಾಡುತ್ತೀರಿ, ಗ್ರಾಮಸಭೆಯಲ್ಲಿ ನೀರಿನ ಪೈಪಿನ ವಿಷಯ ಎತ್ತುತ್ತೀರಿ. ಅಲ್ಲಿಗೆ ಬರಲು ನಿಮಗೆ ಮೂವತ್ತು, ನಲವತ್ತು ವರ್ಷ ಬೇಕಾಯಿತು. ಮಗಳಿಗೆ ಅದು ಹನ್ನೆರಡನೇ ವಯಸ್ಸಿನಲ್ಲಿ ಸಿಗುವುದಾದರೆ ಬೇಡ ಎನ್ನುವ ಮೊದಲು ಯೋಚಿಸಬೇಕು.

ಇನ್ನೂ ಒಂದು ಸಂಗತಿ. ಎಲ್ಲರೂ ಅರ್ಜುನ ಆಗಲು ಸಾಧ್ಯವಿಲ್ಲ. ಹಿಂದೆ ಮೇಳ ಸೇರಿದ ಹುಡುಗ ಮೊದಲು ಕೋಡಂಗಿ ವೇಷ ಮಾಡಬೇಕು, ನಂತರ ಬಾಲಗೋಪಾಲ, ಆಮೇಲೆ ಸಣ್ಣಪುಟ್ಟ ಪಾತ್ರ. ದೊಡ್ಡ ವೇಷ ಬರಲು ವರ್ಷಗಳೇ ಬೇಕು. ಶಾಲೆಯ ತಂಡದಲ್ಲಿಯೂ ಒಬ್ಬ ದೂತ, ಒಬ್ಬಳು ಸಖಿ, ಚೌಕಿಯಲ್ಲಿ ಗೆಜ್ಜೆ ಕಟ್ಟಿಕೊಡುವವನು, ಪರದೆ ಹಿಡಿಯುವವರು ಎಲ್ಲರೂ ಬೇಕು. ತನ್ನ ಸರದಿ ಬರುವ ತನಕ ಕಾಯುವುದು, ಗೆಳತಿ ಮಾತು ಮರೆತಾಗ ತಾನು ಮುಂದಿನ ಮಾತು ಎತ್ತಿಕೊಂಡು ಅವಳ ಮಾನ ಉಳಿಸುವುದು, ಇವೆಲ್ಲ ಅಲ್ಲಿ ದಿನವೂ ನಡೆಯುತ್ತವೆ.

ಮಾರ್ಕು ಹೆಚ್ಚುತ್ತದಾ?

ಇದಕ್ಕೆ ಪ್ರಾಮಾಣಿಕ ಉತ್ತರ ಹೇಳಬೇಕು. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಗ್ಲೆನ್ ಶೆಲೆನ್‌ಬರ್ಗ್ ಎಂಬ ಮನಃಶಾಸ್ತ್ರಜ್ಞರು 6 ವರ್ಷದ 144 ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಕೀಬೋರ್ಡ್, ಒಂದಕ್ಕೆ ಹಾಡು, ಇನ್ನೊಂದಕ್ಕೆ ನಾಟಕ ಕಲಿಸಿದರು. ನಾಲ್ಕನೆಯ ಗುಂಪಿಗೆ ಆ ವರ್ಷ ಏನೂ ಕಲಿಸಲಿಲ್ಲ. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಸಂಗೀತ ಕಲಿತ ಮಕ್ಕಳಿಗೆ ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಸ್ವಲ್ಪ, ಬಹಳ ಸ್ವಲ್ಪ, ಹೆಚ್ಚು ಅಂಕ ಬಂತು. ನಾಟಕ ಕಲಿತ ಮಕ್ಕಳಿಗೆ ಅದು ಬರಲಿಲ್ಲ. ಆದರೆ ಬೇರೆಯವರ ಜತೆ ಹೊಂದಿಕೊಂಡು ನಡೆಯುವ ಗುಣ ಆ ಮಕ್ಕಳಲ್ಲಿ ಹೆಚ್ಚಾಗಿತ್ತು. ಇತರ ಗುಂಪುಗಳಲ್ಲಿ ಆ ಬದಲಾವಣೆ ಕಾಣಲಿಲ್ಲ.

ಮುಂದೆ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಸಂಶೋಧಕರು ಸಂಗೀತದಿಂದ ಬುದ್ಧಿ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ ಎಂದು ಹೇಳಿದ್ದೂ ಉಂಟು. ಹಾಗಾಗಿ "ಯಕ್ಷಗಾನಕ್ಕೆ ಸೇರಿಸಿ, ಗಣಿತದಲ್ಲಿ ನೂರಕ್ಕೆ ನೂರು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಾರ್ಕಿಗಾಗಿ ಕಳಿಸುವುದಾದರೆ ಟ್ಯೂಷನ್ನೇ ಸರಿ. ಮಗು ನಾಲ್ಕು ಜನರ ಮಧ್ಯೆ ಬದುಕಲು ಕಲಿಯಲಿ, ತನ್ನ ಮಾತು ತಾನು ಹೇಳಲಿ ಎಂದು ಕಳಿಸುವುದಾದರೆ ಇದು ಸರಿಯಾದ ಜಾಗ. ಅದಕ್ಕೇನೂ ಬೆಲೆ ಇಲ್ಲವೇ? ಕೆಲಸದ ಇಂಟರ್‌ವ್ಯೂಗೆ ಹೋಗಿ, ಉತ್ತರ ಗೊತ್ತಿದ್ದೂ ಬಾಯಿ ಬಾರದೆ ಹಿಂದೆ ಬಂದ ನಮ್ಮ ಊರಿನ ಪದವೀಧರರನ್ನು ನೀವೂ ನೋಡಿದ್ದೀರಿ.

ಉಗ್ಗುವ ಮಕ್ಕಳ ತಾಯಂದಿರಿಗೂ ಒಂದು ಮಾತು. ಮಾತಾಡುವಾಗ ಉಗ್ಗುವ ಅನೇಕ ಮಕ್ಕಳು ಹಾಡುವಾಗ ಉಗ್ಗುವುದಿಲ್ಲ. ಹಾಡಿನ ಪಾತ್ರ ಸಿಕ್ಕಿದರೆ ಅಂಥ ಮಗುವಿಗೆ ಧೈರ್ಯ ಬರುತ್ತದೆ, ಗೇಲಿ ಮಾಡುತ್ತಿದ್ದವರೂ ಸುಮ್ಮನಾಗುತ್ತಾರೆ. ಆದರೆ ಇದು ಚಿಕಿತ್ಸೆ ಅಲ್ಲ. ಚಿಕಿತ್ಸೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ, ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಯ ವಾಕ್ ತಜ್ಞರ ಬಳಿ ಕರೆದುಕೊಂಡು ಹೋಗಬೇಕು.

ವಾರ್ಷಿಕೋತ್ಸವಕ್ಕೆ ಹತ್ತು ದಿನ ಇರುವಾಗ ಮೊಬೈಲಿನಲ್ಲಿ ಸಿನೆಮಾ ಹಾಡು ಹಾಕಿ, ಚೆಂದದ ಮಕ್ಕಳನ್ನು ಮುಂದೆ, ಕಪ್ಪಗಿನ ಮಕ್ಕಳನ್ನು ಹಿಂದೆ ನಿಲ್ಲಿಸಿ ಕುಣಿಸುವುದನ್ನು ನಾನು ತರಬೇತಿ ಎಂದು ಕರೆಯುವುದಿಲ್ಲ. ಅಲ್ಲಿ ಮಗು ಹಾಡುವುದಿಲ್ಲ, ಮಾತಾಡುವುದಿಲ್ಲ. ಬಾಡಿಗೆ ಬಟ್ಟೆಯ ದುಡ್ಡು ಮಾತ್ರ ನಿಮ್ಮ ಕೈಯಿಂದ ಹೋಗುತ್ತದೆ.

ಹುಡುಗಿ ದೊಡ್ಡವಳಾದ ಮೇಲೆ

ಹಿಂದೆ ಯಕ್ಷಗಾನ ಮೇಳಗಳಲ್ಲಿ ಗಂಡಸರೇ ಎಲ್ಲ. ಸ್ತ್ರೀವೇಷವನ್ನೂ ಗಂಡಸರೇ ಮಾಡುತ್ತಿದ್ದರು. ಈಗ ಶಾಲೆಯ ತರಗತಿಗಳಲ್ಲಿ ಹುಡುಗಿಯರೂ ಇದ್ದಾರೆ, ಮಹಿಳೆಯರ ತಂಡಗಳೂ ಇವೆ. ಐದು, ಆರನೇ ಕ್ಲಾಸಿನ ತನಕ ಯಾರೂ ತಕರಾರು ಮಾಡುವುದಿಲ್ಲ. ಮಗಳು ದೊಡ್ಡವಳಾದ ಕೂಡಲೇ "ಇನ್ನು ಸಾಕು" ಎಂದು ಬಿಡಿಸುತ್ತಾರೆ. ತಮ್ಮ ಹೋಗುತ್ತಾನೆ, ಅಕ್ಕ ಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ.

ಒಂದು ಊರಿನ ಸಂಘದಲ್ಲಿ ಹೀಗೇ ಆಯಿತು. ಎಂಟನೇ ಕ್ಲಾಸಿನ ಹುಡುಗಿ, ಒಳ್ಳೆಯ ಕಂಠ, ಮುಖ್ಯ ಪಾತ್ರಕ್ಕೆ ಆರಿಸಿದ್ದರು. ಅಜ್ಜಿ ಬೇಡ ಎಂದರು, ಅಪ್ಪನೂ ತಲೆ ಆಡಿಸಿದರು. ತಾಯಿ ಸಭೆಯಲ್ಲಿ ಅತ್ತರು. ವಿಚಾರಿಸಿದಾಗ ಗೊತ್ತಾಯಿತು, ಅಜ್ಜಿಗೆ ಕುಣಿತದ ಮೇಲೆ ಸಿಟ್ಟಿಲ್ಲ. ಅಭ್ಯಾಸ ಮುಗಿಯುವಾಗ ಆರೂವರೆ, ರಬ್ಬರ್ ತೋಟದ ನಡುವಿನ ದಾರಿ, ಬೀದಿದೀಪ ಇಲ್ಲ. ಹೆದರಿಕೆ ಇದ್ದದ್ದು ಆ ದಾರಿಯದ್ದು. ಸಂಘದ ಐದು ಮಂದಿ ಹೋಗಿ ಮುಖ್ಯ ಶಿಕ್ಷಕರನ್ನು ಕಂಡರು. ಅಭ್ಯಾಸ ಶನಿವಾರ ಮಧ್ಯಾಹ್ನಕ್ಕೆ ಬದಲಾಯಿತು. ಪ್ರದರ್ಶನ ಹತ್ತಿರ ಬಂದ ವಾರ ಸಂಜೆ ಅಭ್ಯಾಸ ಇದ್ದಾಗ ತಾಯಂದಿರು ಸರದಿ ಹಾಕಿಕೊಂಡು ಟಾರ್ಚ್ ಹಿಡಿದು ನಿಂತರು. ಅಜ್ಜಿ ಆಟ ನೋಡಲು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಅದೇ ತಂಡದ ಇನ್ನೊಬ್ಬ ಹುಡುಗಿಯನ್ನು ಮಾತ್ರ ಮನೆಯವರು ಬಿಡಿಸಿಯೇ ಬಿಟ್ಟರು. ನಾವು ಎರಡು ಸಲ ಹೋಗಿ ಮಾತಾಡಿದರೂ ಪ್ರಯೋಜನವಾಗಲಿಲ್ಲ. ಅವಳು ಈಗಲೂ ಕಿಟಕಿಯ ಹೊರಗೆ ನಿಂತು ಅಭ್ಯಾಸ ನೋಡುತ್ತಾಳೆ ಎಂದು ಗುರುಗಳು ಹೇಳಿದರು.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟ, ವಿರಾಮ, ಕಲೆ, ಸಾಂಸ್ಕೃತಿಕ ಚಟುವಟಿಕೆ ಪ್ರತಿ ಮಗುವಿನ ಹಕ್ಕು ಎಂದು ಹೇಳುತ್ತದೆ. ಭಾರತ ಇದನ್ನು 1992ರಲ್ಲಿ ಒಪ್ಪಿಕೊಂಡಿದೆ. ಅದರಲ್ಲಿ ಹುಡುಗ, ಹುಡುಗಿ ಎಂಬ ಭೇದ ಇಲ್ಲ. ಮನೆಯಲ್ಲಿ ಮಾತು ಬಂದಾಗ ಇದನ್ನು ಹೇಳಬಹುದು.

ಧರ್ಮದ ಪ್ರಶ್ನೆಯನ್ನೂ ಕೆಲವರು ತಗ್ಗಿದ ಸ್ವರದಲ್ಲಿ ಕೇಳುತ್ತಾರೆ. ನಮ್ಮ ಸಂಘಗಳಲ್ಲಿ ಎಲ್ಲ ಜಾತಿ, ಧರ್ಮದವರು ಒಟ್ಟಿಗೆ ಕೂರುತ್ತೇವೆ. ಜಬ್ಬಾರ್ ಸಮೋ ಅವರು ತಾಳಮದ್ದಳೆಯ ಹೆಸರಾಂತ ಅರ್ಥಧಾರಿ. ಅವರ ಮಾತು ಕೇಳಲು ಜನ ದೂರದಿಂದ ಬರುತ್ತಾರೆ. ಬೇರೆಯವರ ಕತೆಯನ್ನು ತನ್ನ ಬಾಯಲ್ಲಿ ಗೌರವದಿಂದ ಹೇಳಲು ಕಲಿತ ಮಗುವಿನಿಂದ ಊರಿಗೆ ಕೆಡುಕಿಲ್ಲ.

ಖರ್ಚು ಮತ್ತು ಸುರಕ್ಷತೆ

ವೇಷಭೂಷಣದ ಬಾಡಿಗೆ, ಬಣ್ಣಗಾರಿಕೆ, ಹಿಮ್ಮೇಳದವರ ಸಂಭಾವನೆ ಸೇರಿದರೆ ಒಂದು ಪ್ರದರ್ಶನಕ್ಕೆ ಒಳ್ಳೆಯ ಖರ್ಚು ಬರುತ್ತದೆ. ಇದಕ್ಕಾಗಿ ಸಂಘದಿಂದ ಸಾಲ ತೆಗೆಯಬೇಡಿ. ಸ್ಪಷ್ಟವಾಗಿ ಹೇಳುತ್ತೇನೆ, ಒಂದು ರಾತ್ರಿಯ ಕಿರೀಟಕ್ಕೆ ಆರು ತಿಂಗಳ ಕಂತು ಕಟ್ಟುವುದು ಬುದ್ಧಿವಂತಿಕೆ ಅಲ್ಲ. ಸೇರಿಸುವ ಮೊದಲೇ ಶಾಲೆಯಲ್ಲಿ ಕೇಳಿ: ಫೀಸು ಇದೆಯೇ, ವೇಷದ ಖರ್ಚು ಯಾರದ್ದು? ಹಣ ಕೊಡಲಾಗದ ಮಗುವಿಗೂ ಪಾತ್ರ ಇದೆಯೇ? ದುಡ್ಡಿಲ್ಲದಿದ್ದರೆ ತಾಳಮದ್ದಳೆ ಮಾಡಿಸಿ. ಅದಕ್ಕೆ ವೇಷ ಬೇಡ, ಕುಣಿತ ಬೇಡ. ಚಾಪೆ ಹಾಸಿ ಕುಳಿತು ಪದ ಹಾಡಿ ಅರ್ಥ ಹೇಳಿದರೆ ಆಯಿತು. ಮಾತಿನ ತರಬೇತಿ ಪೂರ್ತಿ ಸಿಗುತ್ತದೆ.

ಬಿಗಿಯಾಗಿ ಕಟ್ಟಿದ ಕಿರೀಟದಿಂದ ಸಣ್ಣ ಮಕ್ಕಳಿಗೆ ತಲೆನೋವು ಬರುತ್ತದೆ. ಬಣ್ಣ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಮೊದಲು ಕೈಗೆ ಸ್ವಲ್ಪ ಹಚ್ಚಿ ನೋಡಬೇಕು. ಶಾಲಾ ದಿನಗಳಲ್ಲಿ ಮಧ್ಯರಾತ್ರಿ ತನಕ ಆಟ ಬೇಡ. ಬೆತ್ತ ಹಿಡಿದು ಕಲಿಸುವ ಗುರು ಎಷ್ಟೇ ದೊಡ್ಡ ಕಲಾವಿದನಾದರೂ ಬೇಡ. ಬಹುಮಾನ ಬರಲಿಲ್ಲ ಎಂದು ಮಗುವನ್ನು ಹೀಯಾಳಿಸುವ ತಾಯಂದಿರೂ ಇದ್ದಾರೆ, ಅವರಿಗೂ ಬುದ್ಧಿ ಹೇಳಬೇಕು.

ಎಲ್ಲಕ್ಕಿಂತ ಮುಖ್ಯ, ಒಬ್ಬರೇ ಗುರು, ಒಂದೇ ಮಗು, ಮುಚ್ಚಿದ ಬಾಗಿಲು, ಈ ಮೂರು ಒಟ್ಟಾಗಬಾರದು. ಹುಡುಗಿಯರಿಗೆ ಸೀರೆ ಉಡಿಸಲು, ಆಭರಣ ಕಟ್ಟಲು ಹೆಂಗಸರೇ ಇರಬೇಕು. ಹುಡುಗರ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು. ಪೋಕ್ಸೊ ಎಂದು ಕರೆಯುವ 2012ರ ಕಾನೂನು 18 ವರ್ಷದೊಳಗಿನ ಹುಡುಗ, ಹುಡುಗಿ ಇಬ್ಬರನ್ನೂ ಲೈಂಗಿಕ ದೌರ್ಜನ್ಯದಿಂದ ರಕ್ಷಿಸುತ್ತದೆ. ಸಂಶಯ ಬಂದರೆ ಮುಚ್ಚಿಡಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಯಾರೂ ಕರೆ ಮಾಡಬಹುದು.

ಸಭೆಯಲ್ಲಿ ಚರ್ಚಿಸಲು

ಈ ಪಾಠ ಓದಿ ಮುಗಿದ ಮೇಲೆ ಎಲ್ಲರೂ ಸುತ್ತ ಕುಳಿತು ಏಳು ಎಣಿಕೆಯ ತಾಳ ಕೈಯಲ್ಲಿ ಹಾಕಿ ನೋಡಿ. ತಾಳ ತಪ್ಪದೆ ಪ್ರತಿಯೊಬ್ಬರೂ ತಮ್ಮ ಹೆಸರು, ಊರು ಹೇಳಬೇಕು. ನಗು ಬರುತ್ತದೆ, ಬರಲಿ. ನಂತರ ಮಾತಾಡಿ. ನಮ್ಮ ಊರಿನ ಶಾಲೆಯಲ್ಲಿ ಇಂಥ ತರಗತಿ ಇದೆಯೇ, ಇಲ್ಲದಿದ್ದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಯಾರು ಕೇಳುತ್ತೀರಿ? ಈ ವರ್ಷ ಅರ್ಧದಲ್ಲಿ ಬಿಡಿಸಿದ ಮಕ್ಕಳು ಯಾರು, ಅದರಲ್ಲಿ ಹುಡುಗಿಯರು ಎಷ್ಟು? ಅಭ್ಯಾಸ ಮುಗಿಸಿ ಮನೆ ತಲುಪುವಾಗ ಕತ್ತಲಾಗುವವರು ಯಾವ ದಾರಿಯಲ್ಲಿ ಬರುತ್ತಾರೆ? ಅವರ ಹೆಸರು, ಜತೆಗೆ ನಿಲ್ಲಬಲ್ಲ ಇಬ್ಬರು ಸದಸ್ಯೆಯರ ಹೆಸರು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಮುಂದಿನ ತಿಂಗಳು ಪ್ರೇರಕಿ ಬಂದಾಗ ಆ ಪುಟವನ್ನು ಮೊದಲು ತೋರಿಸಿ.